ಸಿಎಸ್‌ವಿಯಿಂದ ಓಎಫ್‌ಎಕ್ಸ್: ಎರಡನೇ ತಿಂಗಳ ಎಂಟ್ರಿಗಳು ಎಲ್ಲಿ ಹೋದವು?

ನೀವು ಬರೆದಿರೋದರ ಪ್ರಕಾರ, ಬ್ಯಾಂಕಿನ ಸಿಎಸ್‌ವಿಯನ್ನು (ಸ್ಟೇಟ್‌ಮೆಂಟನ್ನು ಸಾಲುಸಾಲಾಗಿ ಬರೆದ ಸಾದಾ ಪಠ್ಯದ ಫೈಲ್) ಸ್ವಂತ ಸ್ಕ್ರಿಪ್ಟಿನಿಂದ ಓಎಫ್‌ಎಕ್ಸ್ (ಬ್ಯಾಂಕ್ ವ್ಯವಹಾರಗಳನ್ನು ಲೆಕ್ಕದ ಸಾಫ್ಟ್‌ವೇರ್‌ಗೆ ಕೊಡೋ ಫಾರ್ಮ್ಯಾಟ್) ಮಾಡಿ ಗ್ನೂಕ್ಯಾಶ್ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕ್ತಿದ್ದೀರಿ. ಮೊದಲ ತಿಂಗಳ 40 ಎಂಟ್ರಿಗಳೂ ಬಂದವು, ಎರಡನೇ ತಿಂಗಳ 52ರಲ್ಲಿ ಕೊನೆಯ 12 ಮಾತ್ರ ಬಂದವು. ಆ ಲೆಕ್ಕವೇ ಉತ್ತರ ಹೇಳ್ತಿದೆ. ನೀವು ಓಎಫ್‌ಎಕ್ಸ್‌ನ ಎಫ್‌ಐಟಿಐಡಿ ಅನ್ನೋ ಟ್ಯಾಗಿಗೆ ಸಾಲಿನ ನಂಬರ್ ಕೊಟ್ಟಿರಬೇಕು, ಪ್ರತಿ ಫೈಲಿನಲ್ಲೂ 1ರಿಂದ ಶುರುವಾಗೋ ಹಾಗೆ.

ಒಂದು ಖಾತೆಯ ಪ್ರತಿ ವ್ಯವಹಾರಕ್ಕೂ ಬ್ಯಾಂಕು ಕೊಡಬೇಕಾದ ಗುರುತು ಅದು. ಆ ಗುರುತು ಖಾತೆಯಲ್ಲಿ ಮೊದಲೇ ಇದ್ದರೆ, 'ಇದು ಹಳೇದು' ಅಂತ ಸಾಫ್ಟ್‌ವೇರ್ ಅದನ್ನು ಬಿಟ್ಟುಬಿಡುತ್ತೆ. ಹಾಗಾಗಿ ಎರಡನೇ ಫೈಲಿನ 1ರಿಂದ 40 ಎಲ್ಲವೂ ಅದರ ಲೆಕ್ಕದಲ್ಲಿ ಹಳೇದೇ. ಹಾಗಂತ ಪ್ರತಿ ಸಲ ಹೊಸ ಯಾದೃಚ್ಛಿಕ ನಂಬರ್ ಹಾಕಬೇಡಿ. ಆಗ ತೊಂದರೆ ತಿರುಗುಮುರುಗಾಗುತ್ತೆ: ಎರಡು ಫೈಲುಗಳ ದಿನಾಂಕಗಳು ಸ್ವಲ್ಪ ಒಂದರ ಮೇಲೊಂದು ಬಂದರೂ ಅದೇ ಎಂಟ್ರಿ ಎರಡೆರಡು ಸಲ ಕೂರಬಹುದು.

ನಾನು ಮಾಡೋದು ಇಷ್ಟು: ದಿನಾಂಕ, ಮೊತ್ತ, ವಿವರಣೆ, ಜೊತೆಗೆ ಆ ಸಾಲಿನ ಬ್ಯಾಲೆನ್ಸ್, ಈ ನಾಲ್ಕನ್ನೂ ಜೋಡಿಸಿ ಹ್ಯಾಶ್ (ಅದೇ ಪಠ್ಯಕ್ಕೆ ಯಾವಾಗಲೂ ಅದೇ ಬರೋ, ಪಠ್ಯದಿಂದ ಲೆಕ್ಕ ಹಾಕಿದ ಕೋಡ್) ತೆಗೆದು ಅದನ್ನೇ ಗುರುತು ಮಾಡ್ತೀನಿ. ಬ್ಯಾಲೆನ್ಸ್ ಯಾಕೆ ಅಂದರೆ, ಒಂದೇ ದಿನ ಒಂದೇ ಕಡೆ ಒಂದೇ ಮೊತ್ತ ಎರಡು ಸಲ ಕೊಟ್ಟಿದ್ದರೆ ಉಳಿದ ಮೂರೂ ಒಂದೇ ಆಗಿರುತ್ತವೆ, ಬೇರೆಯಾಗೋದು ಅದೊಂದೇ. ಬ್ಯಾಂಕಿನಲ್ಲಿ ಇನ್ನೂ ಪೆಂಡಿಂಗ್ ಇರೋ ಎಂಟ್ರಿಗಳನ್ನಂತೂ ಸೇರಿಸಬೇಡಿ. ಅವು ಪಕ್ಕಾ ಆಗೋವಾಗ ವಿವರಣೆ ಬದಲಾಗಬಹುದು, ಆಗ ಹ್ಯಾಶೂ ಬದಲಾಗುತ್ತೆ.

ಇನ್ನೊಂದು, ನೀವು ಕೇಳದೇ ಇದ್ದರೂ ಹೇಳ್ತೀನಿ. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿ ಆಮೇಲೆ ಸ್ಕ್ರಿಪ್ಟಿಗೆ ಕೊಡಬೇಡಿ. ಅದು 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತೆ, ಉದ್ದದ ರೆಫರೆನ್ಸ್ ನಂಬರಿನ ಬಾಲ ಸೊನ್ನೆಯಾಗುತ್ತೆ. ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ 04/03/2024 (ಅಂದರೆ ಮಾರ್ಚ್ 4) ಏಪ್ರಿಲ್ 3 ಆಗುತ್ತೆ, ಆದರೆ 25/03/2024 ಹಾಗೇ ಪಠ್ಯವಾಗಿ ಉಳಿಯುತ್ತೆ. ಒಂದೇ ಕಾಲಮ್ಮಿನಲ್ಲಿ ಎರಡು ಥರದ ದಿನಾಂಕ! ಇದನ್ನು ಆಮೇಲೆ ಹುಡುಕಿ ಸರಿಮಾಡೋದು ಯಾರಿಗೂ ಬೇಡ. ಓಎಫ್‌ಎಕ್ಸ್‌ನಲ್ಲಿ ದಿನಾಂಕ 20240304 ಅಂತ ವರ್ಷದಿಂದ ಶುರುವಾಗಬೇಕು, ಖಾತೆಯಿಂದ ಹೋದ ದುಡ್ಡಿಗೆ ಮೈನಸ್ ಚಿಹ್ನೆ ಇರಬೇಕು.

ಕ್ಯೂಐಎಫ್‌ಗೆ ಹೋಗಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಇದೇ ಕೆಲಸದ ಹಳೇ ಫಾರ್ಮ್ಯಾಟ್ ಅದು, ಎಫ್‌ಐಟಿಐಡಿ ಥರದ ಗುರುತಿಗೆ ಅದರಲ್ಲಿ ಜಾಗವೇ ಇಲ್ಲ. ಆನ್‌ಲೈನ್ ಕನ್ವರ್ಟರ್‌ಗಳಿಗೆ ನಿಮ್ಮ ಸ್ಟೇಟ್‌ಮೆಂಟ್ ಅಪ್‌ಲೋಡ್ ಮಾಡೋದಂತೂ ಬೇಡವೇ ಬೇಡ. ಬ್ಯಾಂಕೇ ಓಎಫ್‌ಎಕ್ಸ್ ಕೊಡುತ್ತಾ ಅಂತ ಡೌನ್‌ಲೋಡ್ ಪುಟದಲ್ಲಿ ಒಮ್ಮೆ ನೋಡಿ, ಕೊಟ್ಟರೆ ಈ ಸ್ಕ್ರಿಪ್ಟೇ ಬೇಕಾಗಿಲ್ಲ.

ಈಗ ಮಾಡಬೇಕಾದ್ದು: ಆ 40 ಮತ್ತು 12 ಎಂಟ್ರಿಗಳನ್ನು ಅಳಿಸಿ (ಮೊದಲು ಬ್ಯಾಕಪ್ ತೆಗೆದಿಟ್ಟುಕೊಳ್ಳಿ), ಹೊಸ ಗುರುತಿನೊಂದಿಗೆ ಎರಡೂ ತಿಂಗಳನ್ನು ಮತ್ತೆ ಹಾಕಿ. ಆಮೇಲೆ ಖಾತೆಯ ಬ್ಯಾಲೆನ್ಸನ್ನು ಸಿಎಸ್‌ವಿಯ ಕೊನೆಯ ಬ್ಯಾಲೆನ್ಸಿನ ಜೊತೆ ತಾಳೆ ನೋಡಿ. ಪೈಸೆ ಹೆಚ್ಚುಕಮ್ಮಿ ಇದ್ದರೂ ಎಲ್ಲೋ ಏನೋ ತಪ್ಪಿದೆ ಅಂತಲೇ ಅರ್ಥ.