ಕೆಮ್ಮಿದರೆ, ಸೀನಿದರೆ ಮೂತ್ರ ಸೋರುತ್ತದೆ. ಕೆಗೆಲ್ ವ್ಯಾಯಾಮ ಮಾಡಿಯೂ ಕಡಿಮೆಯಾಗಿಲ್ಲ. ಆಪರೇಷನ್ ಬಿಟ್ಟು ಬೇರೆ ದಾರಿ ಇದೆಯೇ?

ಇದೆ. ಆದರೆ ಕೆಗೆಲ್ ಕೈಕೊಟ್ಟಿತು ಅಂತ ಅದನ್ನು ಬಿಡುವ ಮೊದಲು, ನೀವು ಇಷ್ಟು ದಿನ ಮಾಡಿದ್ದು ಕೆಗೆಲ್ ಹೌದೇ ಅಂತ ಯಾರಾದರೂ ಪರೀಕ್ಷಿಸಿ ನೋಡಿದ್ದಾರೆಯೇ? ಎರಡು ಹೆರಿಗೆಯ ನಂತರ ಶುರುವಾಯಿತು, ವಿಡಿಯೋ ನೋಡಿ ಕಲಿತೆ ಅಂತ ಬರೆದಿದ್ದೀರಿ. ನಾನು ಇದೇ ತೊಂದರೆಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ಹಾಗೆ ಕಲಿತು ಬಂದವರಲ್ಲಿ ಅನೇಕರು ಹೊಟ್ಟೆ, ತೊಡೆ, ಪೃಷ್ಠವನ್ನೆಲ್ಲ ಬಿಗಿ ಮಾಡುತ್ತಾರೆ, ಬಿಗಿಯಾಗಬೇಕಾದ, ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯು ಮಾತ್ರ ಸುಮ್ಮನಿರುತ್ತದೆ. ಕೆಲವರು ಒಳಕ್ಕೆ ಎಳೆಯುವ ಬದಲು ಕೆಳಕ್ಕೆ ತಿಣುಕುತ್ತಾರೆ, ಅದರಿಂದ ಸೋರಿಕೆ ಹೆಚ್ಚಲೂಬಹುದು. 1991ರ ಒಂದು ಸಣ್ಣ ಅಧ್ಯಯನದಲ್ಲಿ, ಬರೀ ಬಾಯಿಮಾತಿನಲ್ಲಿ ಹೇಳಿಕೊಟ್ಟಾಗ ಸುಮಾರು ಅರ್ಧದಷ್ಟು ಮಹಿಳೆಯರಿಗೆ ಮಾತ್ರ ಇದು ಸರಿಯಾಗಿ ಬಂದಿತ್ತು.

ಮಾಡಬೇಕಾದ್ದು ಹೀಗೆ: ಗಾಳಿ ಹೋಗದಂತೆ ಮಲದ್ವಾರವನ್ನು ಬಿಗಿಹಿಡಿಯಿರಿ, ಆ ಬಿಗಿಯನ್ನು ಮುಂದಕ್ಕೆ ಯೋನಿ, ಮೂತ್ರದ್ವಾರದ ಕಡೆಗೆ ತಂದು ಮೇಲಕ್ಕೆ ಎಳೆದುಕೊಳ್ಳಿ. ಉಸಿರು ಕಟ್ಟಬಾರದು. ಸಾಧ್ಯವಾದಷ್ಟು ಸೆಕೆಂಡು ಹಿಡಿದು, ಪೂರ್ತಿ ಸಡಿಲ ಬಿಡಿ. ಸಡಿಲ ಬಿಡುವುದೂ ವ್ಯಾಯಾಮದ ಭಾಗವೇ, ಅದನ್ನು ಎಲ್ಲರೂ ಮರೆಯುತ್ತಾರೆ. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು, ಅದೂ ತರಬೇತಾದವರ ಮೇಲ್ವಿಚಾರಣೆಯಲ್ಲಿ. ಮೂರೇ ವಾರಕ್ಕೆ ಬೇಸತ್ತು ಬಿಟ್ಟರೆ ಅದನ್ನು ಪ್ರಯತ್ನ ಅಂತ ನಾನು ಲೆಕ್ಕ ಹಾಕುವುದಿಲ್ಲ. ಮೂತ್ರ ಮಾಡುವಾಗ ನಡುವೆ ತಡೆಯುವುದನ್ನು ವ್ಯಾಯಾಮವಾಗಿ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಇದರ ಜೊತೆಗೆ ಇನ್ನೊಂದನ್ನು ರೂಢಿಸಿಕೊಳ್ಳಿ. ಕೆಮ್ಮು, ಸೀನು ಬರುವ ಕ್ಷಣದ ಮೊದಲೇ, ಭಾರ ಎತ್ತುವ ಮೊದಲೇ ಆ ಸ್ನಾಯುವನ್ನು ಬಿಗಿ ಮಾಡಿಕೊಳ್ಳುವುದು. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಮೂತ್ರಕೋಶದ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಮೂತ್ರನಾಳಕ್ಕೆ ಕೆಳಗಿನಿಂದ ಆಧಾರ ಸಿಕ್ಕಿದ್ದರೆ ಸೋರುವುದಿಲ್ಲ. ನನ್ನ ಬಳಿ ಬಂದವರಿಗೆ ಮೊದಲ ಗೆಲುವು ಸಿಗುವುದು ಸಾಮಾನ್ಯವಾಗಿ ಇದರಲ್ಲೇ.

ಸ್ನಾಯು ಎಷ್ಟು ಬಿಗಿಯಾಗುತ್ತಿದೆ ಅಂತ ತೋರಿಸುವ ಬಯೋಫೀಡ್‌ಬ್ಯಾಕ್ ಯಂತ್ರಕ್ಕೆ ದುಡ್ಡು ಸುರಿಯಬೇಕೇ? ಸರಿಯಾಗಿ ಬಿಗಿ ಮಾಡಲು ಬರುತ್ತಿದ್ದರೆ ಬೇಡ. 2020ರಲ್ಲಿ ಪ್ರಕಟವಾದ, 600 ಮಹಿಳೆಯರ ಅಧ್ಯಯನದಲ್ಲಿ ವ್ಯಾಯಾಮದ ಜೊತೆ ಯಂತ್ರ ಬಳಸಿದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ಎರಡು ವರ್ಷದ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ತೂಕದ ಬಗ್ಗೆ ನೀವೇನೂ ಬರೆದಿಲ್ಲ, ಅನ್ವಯಿಸಿದರೆ ಮಾತ್ರ ಓದಿ. 2009ರ ಒಂದು ಅಧ್ಯಯನದಲ್ಲಿ ಹೆಚ್ಚು ತೂಕದ ಮಹಿಳೆಯರು ಆರು ತಿಂಗಳಲ್ಲಿ ಸರಾಸರಿ 8% ತೂಕ ಇಳಿಸಿದಾಗ ವಾರದಲ್ಲಿ ಸೋರುವ ಸಂದರ್ಭಗಳು 47% ಇಳಿದವು, ಹೋಲಿಕೆಯ ಗುಂಪಿನಲ್ಲಿ 28%. ಮಲಬದ್ಧತೆ, ಬಿಡದ ಕೆಮ್ಮು ಇದ್ದರೆ ಮೊದಲು ಅವನ್ನು ಸರಿಪಡಿಸಿಕೊಳ್ಳಿ. ಕೆಲವು ಬಿಪಿ ಮಾತ್ರೆಗಳಿಂದ ಒಣಕೆಮ್ಮು ಬರುತ್ತದೆ, ಪ್ರಾಜೋಸಿನ್‌ನಂಥವು ನೇರವಾಗಿಯೇ ಸೋರಿಕೆ ಹೆಚ್ಚಿಸಬಹುದು. ಅಂಥದ್ದು ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸದೆ ಡಾಕ್ಟರನ್ನು ಕೇಳಿ.

ಪೆಸರಿ ಬಗ್ಗೆ ಯಾಕೋ ಯಾರೂ ಹೇಳುವುದೇ ಇಲ್ಲ. ಯೋನಿಯೊಳಗೆ ಇಟ್ಟುಕೊಳ್ಳುವ ಸಿಲಿಕೋನ್ ಸಾಧನ ಅದು, ಮೂತ್ರನಾಳಕ್ಕೆ ಆಸರೆ ಕೊಡುತ್ತದೆ. ಅಳತೆ ನೋಡಿ ಕೂರಿಸಬೇಕು; ಓಡುವಾಗ, ಜಿಮ್‌ಗೆ ಹೋಗುವಾಗ ಮಾತ್ರ ಹಾಕಿಕೊಳ್ಳುವವರೂ ಇದ್ದಾರೆ. ಸ್ನಾಯು ಬಲಗೊಳ್ಳುವವರೆಗೂ ಬದುಕು ನಿಲ್ಲಿಸಿಕೊಂಡು ಕೂರಬೇಕಿಲ್ಲವಲ್ಲ. ತೆಗೆದು ತೊಳೆಯುವುದು, ಕಿರಿಕಿರಿ, ಸ್ರಾವ ಇವು ಅದರ ತಾಪತ್ರಯಗಳು.

ಮಾತ್ರೆಗಳಿಂದ ಹೆಚ್ಚು ನಿರೀಕ್ಷಿಸಬೇಡಿ. ಡ್ಯುಲೋಕ್ಸೆಟಿನ್ ಯುರೋಪಿನಲ್ಲಿ ಇದಕ್ಕೆ ಬಳಕೆಯಲ್ಲಿದೆ, ಅಮೆರಿಕದಲ್ಲಿ ಈ ತೊಂದರೆಗೆ ಅನುಮೋದನೆ ಇಲ್ಲ. ವಾಕರಿಕೆ ತಡೆಯಲಾರದೆ ಬಿಡುವವರು ಬಹಳ. ಸಾಲಿಫೆನಾಸಿನ್, ಮಿರಾಬೆಗ್ರಾನ್ ಮಾತ್ರೆಗಳು ತಟ್ಟನೆ ತಡೆಯಲಾಗದ ಅವಸರವಾಗಿ ಸೋರುವವರಿಗೆ, ನಿಮ್ಮಂಥ ಸೋರಿಕೆಗೆ ಅಲ್ಲ. ಮುಟ್ಟು ನಿಂತ ಮೇಲೆ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಕೆಲವರಿಗೆ ಸಹಾಯಕ, ನುಂಗುವ ಈಸ್ಟ್ರೋಜೆನ್ ಸೋರಿಕೆಯನ್ನು ಹೆಚ್ಚಿಸಬಹುದು.

ಸೋರಿಕೆಗೆ ಯೋನಿಯ ಲೇಸರ್ ಚಿಕಿತ್ಸೆ ಅನ್ನುವ ಜಾಹೀರಾತು ನೋಡಿದ್ದೇನೆ ಅಂದಿದ್ದೀರಿ. ನಾನಾದರೆ ಮಾಡಿಸಿಕೊಳ್ಳುವುದಿಲ್ಲ. ಇಂಥ ಯಂತ್ರಗಳಿಂದ ಸುಟ್ಟಗಾಯ, ಕಲೆ, ನೋವು ಉಂಟಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ. ಮೂತ್ರನಾಳದ ಗೋಡೆಗೆ ಕೊಟ್ಟು ಅದನ್ನು ಉಬ್ಬಿಸುವ ಬಲ್ಕಿಂಗ್ ಇಂಜೆಕ್ಷನ್ ಬೇರೆ ಮಾತು: ಕೊಯ್ತ ಇಲ್ಲ, ಪರಿಣಾಮ ಕಾಲಕ್ರಮೇಣ ಇಳಿಯಬಹುದು, ಮತ್ತೆ ಹಾಕಿಸಬೇಕಾಗಬಹುದು.

ಸರಿಯಾಗಿ ಮೂರು ತಿಂಗಳು ಮಾಡಿಯೂ ಸಾಲದಿದ್ದರೆ ಆಪರೇಷನ್ ಬಗ್ಗೆ ಮಾತಾಡುವುದರಲ್ಲಿ ಸೋಲೇನಿಲ್ಲ. ಆದರೆ ಮೂತ್ರದಲ್ಲಿ ರಕ್ತ, ಪದೇ ಪದೇ ಸೋಂಕು, ಹಗಲು ರಾತ್ರಿ ಎಡೆಬಿಡದ ಸೋರಿಕೆ, ಮೂತ್ರ ಹೊರಬರಲು ಕಷ್ಟ, ಇಲ್ಲವೇ ಯೋನಿಯಿಂದ ಗಡ್ಡೆಯಂಥದ್ದು ಇಳಿದ ಅನುಭವ, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಅಂತ ಕಾಯಬೇಡಿ, ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ. ತೊಡೆಸಂದು ಜೋಮು ಹಿಡಿದು ಕಾಲು ಸೋಲುತ್ತಿದ್ದರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.