ನಿಮ್ಮ ಹಕ್ಕಿ ಊಟಿದಲ್ಲ, ಬ್ರಹ್ಮಗಿರಿದು

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ 'ಮಂಜಿನ ಮಲೆಯ ನಗುವ ಹಕ್ಕಿ' ಲೇಖನ ಪೂರ್ತಿ ಓದ್ದೆ. ಈಗಿರೋ ಥರ ಹಾಕೋಕಾಗಲ್ಲ, ಆದ್ರೆ ಸುಮ್ನೆ ವಾಪಸ್ ಕಳಿಸೋಕೂ ಮನಸ್ಸಿಲ್ಲ, ಅದಕ್ಕೆ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ಮೊದಲ ತಕರಾರು ಹಕ್ಕಿ ಮೇಲೇನೇ. ಫೋಟೋ ಕೊಡಗಿನ ಬ್ರಹ್ಮಗಿರಿ ಬೆಟ್ಟ ಹತ್ತೋವಾಗ ತೆಗೆದಿದ್ದು ಅಂತೀರಿ, ಕೆಳಗೆ ನೋಡಿದ್ರೆ ನೀಲಗಿರಿ ಲಾಫಿಂಗ್‌ಥ್ರಶ್, ಅಂದ್ರೆ ಊಟಿ ಕಡೆ ನಗುವ ಹಕ್ಕಿ, ಅಂತಿದೆ, ಲೇಖನದೊಳಗೆ 'ಇಟ್ಟಿಗೆ ಬಣ್ಣದ ಎದೆ' ಬೇರೆ. ನಿಮ್ಮ ಫೋಟೋನೇ ಒಂದ್ಸಲ ಝೂಮ್ ಮಾಡಿ ನೋಡಿ ಸ್ವಾಮಿ. ಗದ್ದ ಕಪ್ಪು, ಗಂಟಲು ಎದೆ ಬೂದಿ, ಕೆಂಗಂದು ಶುರುವಾಗೋದೇ ಹೊಟ್ಟೆ ಹತ್ರ. ಅದು ಬಾಣಾಸುರ ಲಾಫಿಂಗ್‌ಥ್ರಶ್, ಕೊಡಗು-ವಯನಾಡಿನ ಎತ್ತರದ ಬೆಟ್ಟ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಸಿಗಲ್ಲ. ಅಂಥದ್ದು ಎದುರಿಗೇ ಕೂತಿದ್ರೂ ಎಲ್ಲೋ ಸಿಕ್ಕ ಊಟಿ ಹಕ್ಕಿ ವರ್ಣನೆ ತಂದು ಅಂಟಿಸಿದೀರಲ್ಲ, ಅದೇ ನನಗೆ ಬೇಜಾರು.

ಬೇರೆ ಬೇರೆ ಬೆಟ್ಟದ ಲಾಫಿಂಗ್‌ಥ್ರಶ್‌ಗಳ ಬಗ್ಗೆ 'ಎಲ್ಲಾ ಒಂದೇ, ಹೆಸರು ಮಾತ್ರ ಬೇರೆ' ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದೀರಿ, ನಿಜವಾದ ಕಥೆ ಇರೋದೇ ಅಲ್ಲಿ. ಇವು ಬೆಟ್ಟದ ಮೇಲಿನ ತಂಪಿನ ಶೋಲಾ ಕಾಡು ಬಿಟ್ಟು ಬಿಸಿಲಿನ ತಗ್ಗಿಗೆ ಇಳಿಯೋ ಹಕ್ಕಿಗಳಲ್ಲ, ಹಾಗಾಗಿ ಬೆಟ್ಟದ ಮಧ್ಯೆ ಒಂದು ದೊಡ್ಡ ಕಣಿವೆ ಬಂದ್ರೆ ಅದೇ ಗಡಿ. ಬಾಣಾಸುರಕ್ಕೂ ನೀಲಗಿರಿಗೂ ನಡುವೆ ಚಾಲಿಯಾರ್ ಕಣಿವೆ, ನೀಲಗಿರಿಗೂ ಪಳನಿ ಬೆಟ್ಟಕ್ಕೂ ನಡುವೆ ಪಾಲಕ್ಕಾಡ್ ಗ್ಯಾಪ್ ಅನ್ನೋ ಅಗಲವಾದ ತಗ್ಗು, ಇನ್ನೂ ದಕ್ಷಿಣಕ್ಕೆ ಶೆಂಕೋಟ್ಟೈ ಗ್ಯಾಪ್ ದಾಟಿದ್ರೆ ಅಶಾಂಬು ಬೆಟ್ಟದ ಹಕ್ಕಿ, ಅದರ ಬಿಳಿ ಹುಬ್ಬು ಪಳನಿಯದಕ್ಕಿಂತ ಗಿಡ್ಡ. 2017ರಲ್ಲಿ ವಿಜ್ಞಾನಿ ವಿ. ವಿ. ರಾಬಿನ್ ಮತ್ತು ಜೊತೆಗಾರರು ಡಿಎನ್‌ಎ ಹೋಲಿಸಿ ಬಾಣಾಸುರ, ನೀಲಗಿರಿ, ಪಳನಿ, ಅಶಾಂಬು ಈ ನಾಲ್ಕಕ್ಕೂ ಮಾಂಟೆಸಿಂಕ್ಲಾ ಅನ್ನೋ ಹೊಸ ಕುಲಾನೇ (ಜೀನಸ್) ಮಾಡಿದ್ರು. ಮಜಾ ಏನಂದ್ರೆ ಅದೇ ಕಾಡಿನ ನೆಲದ ಹತ್ರ ಓಡಾಡೋ ಶೋಲಾಕಿಳಿ ಅನ್ನೋ ಪುಟ್ಟ ಹಕ್ಕಿ, ಲಾಫಿಂಗ್‌ಥ್ರಶ್‌ಗೆ ಹತ್ತಿರದ ಸಂಬಂಧಾನೂ ಅಲ್ಲ, ಅದೂ ಇದೇ ಥರ ಬೆಟ್ಟಕ್ಕೊಂದು ಅಂತ ಹಂಚಿಹೋಗಿದೆ.

ಇನ್ನು ಭಾಷೆ. 'ಪ್ರಕೃತಿ ಮಾತೆಯ ಮಡಿಲು', 'ಸ್ವರ್ಗವೇ ಧರೆಗಿಳಿದಂತೆ' ಎಲ್ಲಾ ತೆಗೀರಿ, ಮೊದಲ ಎರಡು ಪ್ಯಾರಾ ಪೂರ್ತಿ ಹೋದ್ರೂ ಯಾರಿಗೂ ನಷ್ಟ ಇಲ್ಲ, ಅಷ್ಟು ಓದಿದ್ರೂ ಹಕ್ಕಿ ಇನ್ನೂ ಬಂದಿರಲ್ಲ. ಜಿಗಣೆ ಕಥೆ ಇರ್ಲಿ ಅಂತೀರಾ? ಒಂದು ಸಾಲು ಇಟ್ಕೊಳ್ಳಿ.

ಆದ್ರೆ ನಾಲ್ಕನೇ ಪ್ಯಾರಾ ಮುಟ್ಬೇಡಿ. ಒಂದು ಹಕ್ಕಿ ಪೊದೆ ಒಳಗಿಂದ ಕೂಗಿದ ತಕ್ಷಣ ಪಕ್ಕದ ಪೊದೆಯಿಂದ ಇನ್ನೊಂದು ಶುರು ಮಾಡಿದ್ದು, ಆಮೇಲೆ ಎರಡೂ ಸುಮ್ನಾಗಿ ಮುಳ್ಳುಗಿಡದ ಹಣ್ಣು ಕಿತ್ತು ತಿಂದಿದ್ದು, ರಸ ಕೊಕ್ಕಿಗೆ ಅಂಟಿದಾಗ ಕೊಂಬೆಗೆ ಉಜ್ಜಿದ್ದು, ಇದನ್ನ ನೀವೇ ಕಣ್ಣಾರೆ ನೋಡಿದೀರಿ, ಓದಿದ್ರೆ ಗೊತ್ತಾಗತ್ತೆ. ಲೇಖನ ಅಲ್ಲಿಂದಾನೇ ಶುರು ಮಾಡಿ.

ಆ ಗಿಡದ್ದೂ ಒಂದು ಫೋಟೋ ಇದ್ರೆ ಸೇರಿಸಿ ಕಳಿಸಿ, ಮತ್ತೆ ಓದ್ತೀನಿ.