ಇಪ್ಪತ್ತೈದನೇ ತಾರೀಖು ಬಸ್ ಇರುವುದಿಲ್ಲ

ಸೆಪ್ಟೆಂಬರಿನಲ್ಲಿ ಲಂಡನ್ನಿಗೆ ಬಂದಿದ್ದೀರಿ. ಡಿಸೆಂಬರ್ ಕೊನೆಗೆ ಕಚೇರಿ ಹತ್ತು ದಿನ ಮುಚ್ಚುತ್ತದೆ, ಜೊತೆಗಿರುವವರೆಲ್ಲ ಅವರವರ ಊರಿಗೆ ಹೊರಟಿದ್ದಾರೆ, ನಾಲ್ಕು ಗಂಟೆಗೇ ಕತ್ತಲು. ಇಷ್ಟು ದಿನ ಒಬ್ಬನೇ ಏನು ಮಾಡಲಿ, ಸಾಲ ಮಾಡಿಯಾದರೂ ಬೆಂಗಳೂರಿನ ಟಿಕೆಟ್ ತೆಗೆಯಲೇ ಎಂದು ಕೇಳಿದ್ದೀರಿ. ಸಾಲ ಮಾಡಬೇಡಿ. ಫೆಬ್ರವರಿಯಲ್ಲಿ ಹೋಗಿ, ಟಿಕೆಟ್ ಅಗ್ಗ, ಅಮ್ಮನಿಗೂ ಬಿಡುವಿರುತ್ತದೆ.

ನಾನು ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ಕ್ರಿಸ್‌ಮಸ್ ದಿನ ಟೂಟಿಂಗ್‌ನ ಬಸ್ ನಿಲ್ದಾಣದಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದು ನಿಂತಿದ್ದೆ. ಸ್ಟಾಕ್‌ವೆಲ್‌ನಲ್ಲಿದ್ದ ಗೆಳೆಯ ಊಟಕ್ಕೆ ಕರೆದಿದ್ದ. ನಾಯಿಯನ್ನು ಅಡ್ಡಾಡಿಸಲು ಹೊರಟ ಮುದುಕರೊಬ್ಬರು ಹೋಗುವಾಗ ಒಮ್ಮೆ ನೋಡಿದರು. ಮುಕ್ಕಾಲು ಗಂಟೆ ಬಿಟ್ಟು ಮರಳಿ ಬಂದಾಗಲೂ ನಾನು ಅಲ್ಲೇ ಇದ್ದೆ. "ಇವತ್ತು ಬಸ್ಸೇ ಇಲ್ಲ" ಎಂದರು. ಬಸ್ಸೂ ಇಲ್ಲ, ಟ್ಯೂಬ್ ರೈಲೂ ಇಲ್ಲ. ಹಬ್ಬಕ್ಕೆಂದೇ ಹೆಚ್ಚುವರಿ ಬಸ್ ಬಿಡುವ ನಾಡಿನಿಂದ ಬಂದವನಿಗೆ, ಇಷ್ಟು ದೊಡ್ಡ ನಗರ ಹಬ್ಬದ ದಿನವೇ ಗಾಲಿ ನಿಲ್ಲಿಸಿ ಕೂರುತ್ತದೆ ಎಂದರೆ ನಂಬುವುದು ಹೇಗೆ? ನಡೆದೇ ಹೋದೆ, ಹತ್ತಿರ ಹತ್ತಿರ ನಾಲ್ಕು ಮೈಲಿ.

ದಾರಿಯುದ್ದಕ್ಕೂ ಪರದೆಯ ಹಿಂದೆ ದೀಪಗಳು, ಬೀದಿಯಲ್ಲಿ ನರಪಿಳ್ಳೆಯಿಲ್ಲ. ನಮ್ಮ ಹಬ್ಬ ಬಾಗಿಲು ತೆರೆದು ಬೀದಿಗಿಳಿಯುತ್ತದೆ: ರಂಗೋಲಿ, ತೇರು, ಎಳ್ಳು ಬೀರಲು ಬರುವ ಮಕ್ಕಳು. ಇಲ್ಲಿನ ಹಬ್ಬ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತದೆ. ತಿಂಗಳಿಡೀ ದೀಪ, ಗದ್ದಲ, ಪಾರ್ಟಿ ಕಂಡು ಹಬ್ಬದ ದಿನ ಇನ್ನೆಷ್ಟಿರಬೇಕೋ ಎಂದುಕೊಳ್ಳುತ್ತೇವೆ. 24ರ ಸಂಜೆಗೆ ಎಲ್ಲವೂ ತಣ್ಣಗೆ. ಹಾಗಾಗಿ ಯಾರೂ ಮನೆಗೆ ಕರೆಯಲಿಲ್ಲವೆಂದು ನೊಂದುಕೊಳ್ಳಬೇಡಿ. ನಿಮ್ಮ ಸಹೋದ್ಯೋಗಿಗೆ ಆ ದಿನ ತವರಿಗೆ ಹೋಗುವುದೋ ಅತ್ತೆಮನೆಗೋ ಎಂಬ ಜಗಳವೇ ಮುಗಿದಿರುವುದಿಲ್ಲ.

ಹಾಲು, ತರಕಾರಿ, ಮಾತ್ರೆ ಎಲ್ಲವನ್ನೂ 24ರ ಮಧ್ಯಾಹ್ನದೊಳಗೆ ತಂದಿಟ್ಟುಕೊಳ್ಳಿ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು 25ರಂದು ಬಾಗಿಲು ತೆರೆಯುವಂತಿಲ್ಲ. 2004ರಲ್ಲಿ ಅದಕ್ಕೆಂದೇ ಕಾನೂನಾಗಿದೆ. ಬೀದಿ ಮೂಲೆಯ ಪುಟ್ಟ ಅಂಗಡಿಗೆ ಈ ಕಟ್ಟುಪಾಡಿಲ್ಲ. 26 ಕೂಡ ರಜೆ. ಕಾಯಿಲೆಯಾಗಿ ಏನು ಮಾಡಬೇಕೆಂದು ತೋಚದಿದ್ದರೆ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ. ಪಕ್ಕದ ಮನೆಯವರು ಬಾಗಿಲ ಕಿಂಡಿಯಲ್ಲಿ ಕಾರ್ಡ್ ಹಾಕಿದರೆ ಮರುದಿನವೇ ನೀವೂ ಒಂದು ಹಾಕಿ. ನಾನು ಮೊದಲ ವರ್ಷ ಅದನ್ನು ಜಾಹೀರಾತೆಂದು ತಿಳಿದು ಕಸಕ್ಕೆಸೆದೆ. ಆಮೇಲೆ ಆ ಮನೆಯಾಕೆ ಸಿಕ್ಕಾಗಲೆಲ್ಲ ಹವಾಮಾನದ ಬಗ್ಗೆ ಅತಿ ಉತ್ಸಾಹದಿಂದ ಮಾತಾಡಿ ಪ್ರಾಯಶ್ಚಿತ್ತ ಮಾಡಿಕೊಂಡೆ.

ಇನ್ನು ಕತ್ತಲೆ. ಅದನ್ನು ಸಣ್ಣದೆಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲಿಗೂ ಹನ್ನೊಂದು ಗಂಟೆ ದಾಟುತ್ತದೆ; ಇಲ್ಲಿ ಎಂಟು ಗಂಟೆಯೂ ತುಂಬುವುದಿಲ್ಲ. ಒಂದು ಲಾಭವುಂಟು: ನಮ್ಮ ಮನೆಯಲ್ಲಿ ಧನುರ್ಮಾಸದ ಪೂಜೆ ಎಂದೂ ತಪ್ಪಿಲ್ಲ. ಊರಿನಲ್ಲಿ ಐದಕ್ಕೇ ಎದ್ದು ನಡುಗುತ್ತಾ ಸ್ನಾನ ಮಾಡಬೇಕಿತ್ತು. ಇಲ್ಲಿ ಏಳೂವರೆಗೆ ಹುಗ್ಗಿ ನೈವೇದ್ಯವಾದರೂ ಸೂರ್ಯ ಇನ್ನೂ ಮಲಗಿರುತ್ತಾನೆ.

ಸೂರ್ಯ ಅತಿ ಬೇಗ ಮುಳುಗುವುದು 21ರಂದು ಎಂದುಕೊಂಡಿದ್ದೀರಲ್ಲವೇ? ಅಲ್ಲ. ಲಂಡನ್ನಿನಲ್ಲಿ ಅದು ಡಿಸೆಂಬರ್ 12ರ ಆಸುಪಾಸು, ನಾಲ್ಕಕ್ಕೆ ಸುಮಾರು ಹತ್ತು ನಿಮಿಷವಿರುವಾಗ. ಅಲ್ಲಿಂದ ಸಂಜೆ ಬೆಳೆಯತೊಡಗುತ್ತದೆ. ಬೆಳಗು ಮಾತ್ರ ಹಟಮಾರಿ. ವರ್ಷದ ಕೊನೆಯವರೆಗೂ ತಡವಾಗುತ್ತಲೇ ಹೋಗಿ ಎಂಟು ದಾಟಿದ ಮೇಲೆ ಸೂರ್ಯ ಹುಟ್ಟುತ್ತಾನೆ. ಜನವರಿ ನಡುವಿಗೆ ಬಂದರೆ ಸಂಜೆಗೆ ಅರ್ಧ ಗಂಟೆಯ ಹತ್ತಿರ ಸೇರಿರುತ್ತದೆ, ಬೆಳಗೂ ಮನಸ್ಸು ಬದಲಿಸಿರುತ್ತದೆ. ಪಂಚಾಂಗದವರು ಉತ್ತರಾಯಣವನ್ನು ಸಂಕ್ರಾಂತಿಗೆ ಕಟ್ಟಿದ್ದು ಲಂಡನ್ನಿನವರಿಗಾಗಿಯೇ ಎನ್ನುತ್ತಾಳೆ ನನ್ನ ಹೆಂಡತಿ. ಖಗೋಳಶಾಸ್ತ್ರ ಒಪ್ಪದಿದ್ದರೂ ಎಂಟರ ಬಸ್ ಹಿಡಿಯುವ ನಾನು ಒಪ್ಪುತ್ತೇನೆ. ಅಲ್ಲಿಯವರೆಗೆ ಬೆಳಕಿರುವಾಗ ದಿನಕ್ಕೊಮ್ಮೆ ಹೊರಗೆ ನಡೆಯಿರಿ. ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ವಿಟಮಿನ್ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಎಂದು ಸರಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಇಲ್ಲಿನವರಿಗೇ ಹೇಳುತ್ತದೆ; ನಮ್ಮಂಥ ಮೈಬಣ್ಣದವರಿಗೆ ವರ್ಷಪೂರ್ತಿ.

ಮನೆಗೆ ಫೋನ್ ಮಾಡುವುದನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ. ಈಗ ಐದೂವರೆ ಗಂಟೆಯ ಅಂತರ. ನಿಮಗೆ ಒಂಟಿತನ ಹತ್ತುವ ಎಂಟರ ಹೊತ್ತಿಗೆ ಅಲ್ಲಿ ನಡುರಾತ್ರಿ ಕಳೆದಿರುತ್ತದೆ. ನಿದ್ದೆಗಣ್ಣಿನ ಅಪ್ಪನ ದನಿ ಕೇಳಿದರೆ ನಿಮಗೆ ಬೇಸರ ಇನ್ನಷ್ಟು, ಅವರಿಗೆ ಗಾಬರಿ.

ಬಸ್ಸಿಲ್ಲದ ಆ ದಿನ ನಡೆಯುವುದು ನಮಗೀಗ ವಾಡಿಕೆಯೇ ಆಗಿದೆ. ಟೂಟಿಂಗ್‌ನಿಂದ ಕ್ಲಾಪಮ್, ಸ್ಟಾಕ್‌ವೆಲ್, ವಾಕ್ಸ್‌ಹಾಲ್ ದಾಟಿ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ವರೆಗೆ. ಅಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ, ನದಿಯಾಚೆ ಸಂಸತ್ ಭವನ. ಬೇರೆ ದಿನಗಳಲ್ಲಿ ವಾಹನಗಳ ಸದ್ದಿನಲ್ಲಿ ಅಲ್ಲಿ ನಿಂತು ಮಾತಾಡುವುದೇ ಕಷ್ಟ. ಅವತ್ತು ನೀರಿನ ಸದ್ದೂ ಕೇಳುತ್ತದೆ. ಬರುವುದಾದರೆ ಹತ್ತು ಗಂಟೆಗೆ ಟೂಟಿಂಗ್ ಬ್ರಾಡ್‌ವೇ ನಿಲ್ದಾಣದ ಮುಂದೆ ಇರಿ, ನಿಲ್ದಾಣ ಮುಚ್ಚಿರುತ್ತದೆ. ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ. ಚಿತ್ರಾನ್ನ ನಾವು ತರುತ್ತೇವೆ. ಫ್ಲಾಸ್ಕಿನಲ್ಲಿ ಕಾಫಿ ನಿಮ್ಮ ಪಾಲಿನದು.